ದಕ್ಷಿಣದ ಕಿಟಕಿಯ ಹಕ್ಕುದಾರರು

ಮಿನಿಯಾಪೊಲಿಸ್‌ನ ಚಳಿಗಾಲದಲ್ಲಿ ಮನೆಯೊಳಗೆ ತರಕಾರಿ ಬೆಳೆಯಲು ಗಿಡದ ಮೇಲೆ ಪ್ರೀತಿ ಇದ್ದರೆ ಸಾಲದು, ಹಟ ಬೇಕು. ಡಿಸೆಂಬರಿನಲ್ಲಿ ಇಲ್ಲಿಯ ಸೂರ್ಯ ಬೆಳಿಗ್ಗೆ 8 ಗಂಟೆ ಹತ್ತಿರವಾದಾಗ ಬಂದು, ಸಂಜೆ 4.30ಕ್ಕೆಲ್ಲ ಸಹಿ ಹಾಕಿ ಹೊರಟುಬಿಡುತ್ತಾನೆ. ಇದ್ದಷ್ಟು ಹೊತ್ತು ಕೆಲಸ ಮಾಡುತ್ತಾನೆಯೇ ಎಂದರೆ, ಅದೂ ಇಲ್ಲ.

ನಮ್ಮ ಮನೆಯಲ್ಲಿ ಆ ಹಟ ಇರುವುದು ಇವರಿಗೆ. ದಕ್ಷಿಣದ ಕಿಟಕಿಯ ಪಕ್ಕ ಇದ್ದ ಸೋಫಾ ಗೋಡೆಯ ಮೂಲೆ ಸೇರಿದೆ. ಅಲ್ಲೀಗ ಮೈಕ್ರೋ ಟಾಮ್ ಎಂಬ ಟೊಮ್ಯಾಟೊ. ಫ್ಲಾರಿಡಾ ವಿಶ್ವವಿದ್ಯಾಲಯದವರು 1989ರಲ್ಲಿ ಹೊರತಂದ ಈ ಕುಳ್ಳ ತಳಿ ಒಂದು ಗೇಣು ಬೆಳೆದರೆ ಅದೇ ದೊಡ್ಡದು. ಹಣ್ಣು ಗೋಲಿ ಗಾತ್ರ. ಗಿಡದ ತಲೆಯ ಮೇಲೆ ದಿನಕ್ಕೆ 14 ಗಂಟೆ ಎಲ್ಇಡಿ ದೀಪ ಉರಿಯುತ್ತದೆ. ನಾನು ಬಚ್ಚಲಮನೆಯ ದೀಪ ಆರಿಸಲು ಮರೆತರೆ ಮಾತ್ರ ಇವರಿಗೆ ಕರೆಂಟ್ ಬಿಲ್ ನೆನಪಾಗುತ್ತದೆ.

ಹೂ ಬಿಟ್ಟ ಮೇಲಿನದು ಇನ್ನೊಂದು ವೈಭವ. ಟೊಮ್ಯಾಟೊ ಹೂವಿನ ಪರಾಗ ಕೇಸರಗಳ ಕೊಳವೆಯೊಳಗೆ ಅಡಗಿರುತ್ತದೆ. ಹೊರಗಾದರೆ ಗಾಳಿ ಅಲುಗಿಸುತ್ತದೆ, ಇಲ್ಲವೇ ಬಂಬಲ್‌ಬೀ ಎಂಬ ದಪ್ಪ ದುಂಬಿ ಹೂವಿಗೆ ಜೋತುಬಿದ್ದು ಮೈ ನಡುಗಿಸಿ ಉದುರಿಸುತ್ತದೆ. ನಮ್ಮ ಹಾಲ್‌ನಲ್ಲಿ ದುಂಬಿಯ ಕೆಲಸ ಇವರದೇ. ಬೆಳಿಗ್ಗೆ ಮೀಟಿಂಗ್‌ಗೆ ಕೂರುವ ಮುಂಚೆ ಎಲೆಕ್ಟ್ರಿಕ್ ಹಲ್ಲುಜ್ಜುವ ಬ್ರಷ್ಷನ್ನು ಹೂವಿನ ತೊಟ್ಟಿಗೆ ಮುಟ್ಟಿಸುತ್ತಾರೆ. ಗುಂಯ್ ಎನ್ನುತ್ತದೆ, ಕಪ್ಪು ಸ್ವೆಟರಿನ ತೋಳಿನ ಮೇಲೆ ಹಳದಿ ಪುಡಿ ಕಂಡರೆ ಆ ದಿನ ಮನೆಯಲ್ಲಿ ಶಾಂತಿ. ಬ್ರಷ್ಷು ಹಳೆಯದು ಅನ್ನುತ್ತಾರೆ. ಇರಬಹುದು. ನನ್ನದನ್ನು ನಾನು ಬೀರುವಿನಲ್ಲಿಟ್ಟುಕೊಂಡಿದ್ದೇನೆ.

ತೀರ್ಥಹಳ್ಳಿಯಿಂದ ಅಮ್ಮ ವಿಡಿಯೋ ಕಾಲ್‌ನಲ್ಲಿ ಇದನ್ನೆಲ್ಲ ನೋಡಿ, "ಎಂತ ಮಾರಾಯ್ತಿ, ಟೊಮ್ಯಾಟೊ ಗಿಡಕ್ಕೂ ಬಾಣಂತನವಾ? ನಮ್ಮಲ್ಲಿ ಪಾತ್ರೆ ತೊಳೆಯೋ ಕಲ್ಲಿನ ಹತ್ರ ತಾನಾಗೇ ಹುಟ್ಟಿ, ಬೇಡ ಅಂದ್ರೂ ಕಾಯಿ ಬಿಟ್ಟಿದೆ" ಎಂದಳು. ಆಮೇಲೆ ದನಿ ತಗ್ಗಿಸಿ, "ಅಳಿಯಂದ್ರು ಹುಷಾರಾಗಿದ್ದಾರಲ್ಲ?" ಎಂದಳು.

ಮೆಂತ್ಯ, ಕೊತ್ತಂಬರಿಗಳದು ಅಷ್ಟು ರಗಳೆ ಇಲ್ಲ. ನೀರು ಹೆಚ್ಚಾದರೆ ಮಣ್ಣಿನಿಂದ ಸಣ್ಣ ಕಪ್ಪು ನೊಣ ಏಳುತ್ತದೆ, ಮೇಲಿನ ಮಣ್ಣು ಒಣಗಲು ಬಿಟ್ಟು ಹಳದಿ ಅಂಟುಹಾಳೆ ಚುಚ್ಚಿದರೆ ಆಯಿತು.

ನಿಜವಾದ ಯಜಮಾನಿಕೆ ಕರಿಬೇವಿನದು. ಊರಿನಿಂದ ಸಸಿ ಹೋಗಲಿ, ಹಸಿ ಎಲೆಯನ್ನೂ ತರುವಂತಿಲ್ಲ. ಕಿತ್ತಳೆ, ನಿಂಬೆ ಮರಗಳಿಗೆ ರೋಗ ಹಬ್ಬಿಸುವ ಕೀಟ ಅದರ ಜೊತೆ ಬರಬಹುದೆಂದು ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಕಾರಣ ಒಪ್ಪತಕ್ಕದ್ದೇ. ಆದರೆ ಇದೇ ಮಿನೆಸೋಟಾದಲ್ಲಿ 2023ರಿಂದ ಮನೆಯಲ್ಲಿ 8 ಗಾಂಜಾ ಗಿಡ ಬೆಳೆಸಲು ಕಾನೂನಿನ ಅಡ್ಡಿ ಇಲ್ಲ. ಸಾರಿನ ಒಗ್ಗರಣೆಗೆ ಅದು ಬರುವುದಿಲ್ಲವಲ್ಲ! ಹಾಗಾಗಿ ಇಲ್ಲಿಯೇ ಕೊಂಡ ಕರಿಬೇವು ಚಳಿಗೆ ಮುನಿದು ಎಲೆ ಉದುರಿಸಿ ಕಡ್ಡಿಯಾಗಿ ನಿಂತರೂ ಅದರ ಮುಂದೆ ನಾವು ಜೋರಾಗಿ ಮಾತಾಡುವುದಿಲ್ಲ. ಉಳಿದ ಎಲೆಗಳ ಲೆಕ್ಕ ಇವರ ಬಾಯಲ್ಲಿದೆ.

ಸಂಕ್ರಾಂತಿಗೆ ಎಳ್ಳುಬೆಲ್ಲ ತರುವ ಕನ್ನಡದವರೆಲ್ಲ ಕರಿಬೇವಿನ ಕುಂಡದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಬೀಜ ಆದ್ರೆ ಹೇಳಿ" ಎನ್ನುತ್ತಾರೆ. ಇವರು ಆಗಲಿ ಆಗಲಿ ಎಂದು, ಮುರಿದು ನೆಟ್ಟಲ್ಲೆಲ್ಲ ಚಿಗುರುವ ದೊಡ್ಡಪತ್ರೆಯ ಒಂದೊಂದು ತುಂಡು ಅವರ ಕೈಗಿಟ್ಟು, ತಂಬುಳಿ ಮಾಡುವ ಕ್ರಮವನ್ನೂ ಹೇಳಿ, ಕಾರಿನವರೆಗೆ ಬಿಟ್ಟುಬರುತ್ತಾರೆ.