ಶ್ಯಾಕಲ್ ಮೀಮಾಂಸೆ ಅಥವಾ ಉನ್ನತರಥದ ಋಜುಗತಿ ವಿಚಾರ

ಹೊಸನಗರದ ಕಡೆಯ ನನ್ನ ಸೋದರಳಿಯನು, ನಿಟ್ಟೂರಿನಿಂದ ಕೊಡಚಾದ್ರಿಗೆ ಏರುವ ಹಾದಿಯ ಕಲ್ಲುಗಳು ತನ್ನ ಹಳೆಯ ಜೀಪಿನ ಹೊಟ್ಟೆಯನ್ನು ಉಜ್ಜುತ್ತವೆಂಬ ಕಾರಣದಿಂದ, ಅದರ ಮುಂದಿನ ಸ್ಪ್ರಿಂಗ್ ಪ್ಲೇಟುಗಳ ತುದಿಯನ್ನು ಚಾಸಿಗೆ ತೂಗಹಾಕಿದ್ದ ಶ್ಯಾಕಲ್‌ಗಳನ್ನು ತೆಗೆಯಿಸಿ ಅವಕ್ಕಿಂತ 2 ಅಂಗುಲ ಉದ್ದವಾದವನ್ನು ಹಾಕಿಸಿದನಾಗಿ, ಅಂದಿನಿಂದ ಆ ವಾಹನವು ಋಜುಮಾರ್ಗವನ್ನು ತೊರೆದು ಡಾಂಬರು ರಸ್ತೆಯ ಮೇಲೆ ಎಡಕ್ಕೂ ಬಲಕ್ಕೂ ಸ್ವೇಚ್ಛೆಯಾಗಿ ಅಲೆಯತೊಡಗಿತು. ಈ ವೈಪರೀತ್ಯದ ಕಾರಣವನ್ನು ಶಾಸ್ತ್ರತಃ ನಿರ್ಣಯಿಸುವ ಭಾರವು, ಮೂವತ್ತು ವರ್ಷಕಾಲ ತರ್ಕಶಾಸ್ತ್ರವನ್ನು ಪಾಠ ಹೇಳಿ, ಆಯುಷ್ಯದಲ್ಲಿ ಒಮ್ಮೆಯೂ ಸ್ಟೇರಿಂಗನ್ನು ಮುಟ್ಟದಿದ್ದ ನನ್ನ ಮೇಲೆ ಬಿದ್ದುದಾದರೂ ಏಕೆಂದರೆ, ಅಂದು ವರ್ಕ್‌ಷಾಪಿನ ಬೆಂಚಿನ ಮೇಲೆ ಕುಳಿತಿದ್ದವರಲ್ಲಿ ಕೆಲಸವಿಲ್ಲದವನು ನಾನೊಬ್ಬನೇ. ಕೊಡಚಾದ್ರಿಯ ಸರ್ವಜ್ಞ ಪೀಠದ ತಪ್ಪಲಿನಲ್ಲಿಯೇ ಈ ಗ್ರಂಥವು ಜನಿಸಿತಾದರೂ, ಗ್ರಂಥಕರ್ತನು 1343 ಮೀಟರ್ ಎತ್ತರದ ಆ ಶಿಖರವನ್ನು ಇದುವರೆಗೆ ಮುಟ್ಟಿಲ್ಲವೆಂಬುದನ್ನು ವಾಚಕರು ಗಮನದಲ್ಲಿಡತಕ್ಕದ್ದು.

ಮೊದಲಿಗೆ ನಾಮನಿರ್ಣಯ. ಶ್ಯಾಕಲ್ ಎಂಬ ಪದವನ್ನು ಕೇಳಿದೊಡನೆ ನನ್ನ ಮನಸ್ಸು ಋಗ್ವೇದದ ಶಾಕಲ ಶಾಖೆಯ ಕಡೆಗೆ ಹಾರಿತು. ಪದಪಾಠಕಾರನಾದ ಶಾಕಲ್ಯನಿಗೂ ಈ ಲೋಹಖಂಡಕ್ಕೂ ಇರಬಹುದಾದ ಸಂಬಂಧವನ್ನು ಕುರಿತು ಮುಕ್ಕಾಲು ಗಂಟೆ ಉಪನ್ಯಾಸ ಮಾಡಿದೆನು. ಜೀಪಿನ ಕೆಳಗೆ ಮಲಗಿದ್ದ ಮೇಸ್ತ್ರಿಯು ಎಲ್ಲವನ್ನೂ ಕೇಳಿಸಿಕೊಂಡು, ಗ್ರೀಸು ಮೆತ್ತಿದ ಕೈಯನ್ನು ಮಾತ್ರ ಹೊರಗೆ ಚಾಚಿ, "ಅದೊಂದು ಕಬ್ಬಿಣದ ತುಂಡು ಸ್ವಾಮಿ, ಆ ಹದಿನೇಳರ ಸ್ಪ್ಯಾನರ್ ಸ್ವಲ್ಪ ಕೊಡಿ" ಎಂದನು. ಸಂಸ್ಕೃತದಲ್ಲಿ ಶಕಲವೆಂದರೆ ತುಂಡೆಂದೇ ಅರ್ಥ. ನಿಘಂಟನ್ನು ಕಾಣದ ಬಾಯಿಂದ ನಿರುಕ್ತವು ಹೀಗೆ ಹೊರಟುದನ್ನು ಕಂಡು ನಾನು ರೋಮಾಂಚಿತನಾಗಿ, ಹದಿನೇಳರ ಬದಲು ಹತ್ತೊಂಬತ್ತರದನ್ನು ಕೊಟ್ಟೆನು.

ಇನ್ನು ಗತಿನಿರ್ಣಯ. ತಿರುವಿನಲ್ಲಿ ಒಳಗಿನ ಚಕ್ರವು ಹೊರಗಿನದಕ್ಕಿಂತ ಹೆಚ್ಚು ತಿರುಗಬೇಕೆಂಬ ಸೂತ್ರವನ್ನು ಆಕರ್‌ಮನ್ನನದೆಂದು ಲೋಕವು ಕರೆಯುತ್ತದೆ. 1818ರಲ್ಲಿ ಲಂಡನ್ನಿನಲ್ಲಿ ಅದರ ಪೇಟೆಂಟನ್ನು ಪಡೆದವನು ಆತನೇ ಅಹುದು; ಆದರೆ ಕುದುರೆಗಾಡಿಗಾಗಿ ಅದನ್ನು ಕಂಡುಹಿಡಿದವನು ಮ್ಯೂನಿಕ್ಕಿನ ಗಾಡಿ ಕಟ್ಟುವ ಲಾಂಕೆನ್ಸ್‌ಪೆರ್ಗರ್. ಕವಿರಾಜಮಾರ್ಗವು ನೃಪತುಂಗನದೋ ಶ್ರೀವಿಜಯನದೋ ಎಂದು ಕಾದಾಡಿ ದಣಿದ ನಮ್ಮ ವಿದ್ವಾಂಸರು ಇತ್ತ ದೃಷ್ಟಿ ಹರಿಸಬಹುದು. ಜೀಪನ್ನು ಎತ್ತರಿಸಿದುದರಿಂದ ಈ ಸೂತ್ರಕ್ಕೆ ಬಾಧೆಯಿಲ್ಲವಾಗಿ ಇಲ್ಲಿ ಅದರ ವಿಸ್ತಾರ ಅನಾವಶ್ಯಕ.

ಬಾಧೆಯಿರುವುದು ಕ್ಯಾಸ್ಟರ್ ಎಂಬ ಕೋನಕ್ಕೆ. ಚಕ್ರವು ಯಾವ ಕಿಂಗ್‌ಪಿನ್ನಿನ ಸುತ್ತ ತಿರುಗುವುದೋ ಅದು ನೆಟ್ಟಗೆ ನಿಂತಿರದೆ, ಊಟವಾದ ಮೇಲೆ ಕುರ್ಚಿಗೆ ಒರಗಿದ ಯಜಮಾನನಂತೆ, ತಲೆಯನ್ನು ಸುಮಾರು 3 ಡಿಗ್ರಿ ಹಿಂದಕ್ಕೆ ವಾಲಿಸಿರುತ್ತದೆ. ಆ ಗೆರೆಯನ್ನು ಕೆಳಗೆ ಎಳೆದರೆ, ಟೈರು ನೆಲವನ್ನು ಮುಟ್ಟುವ ಸ್ಥಳಕ್ಕಿಂತ ಮುಂದೆ ಅದು ನೆಲವನ್ನು ಸೇರುವುದರಿಂದ, ಹಸುವಿನ ಹಿಂದೆ ಕರು ಹೋಗುವಂತೆ ಟೈರು ಅದನ್ನು ಹಿಂಬಾಲಿಸುತ್ತದೆ. ತಿರುವು ಮುಗಿದ ಮೇಲೆ ಸ್ಟೇರಿಂಗು ತಾನಾಗಿಯೇ ನೇರಕ್ಕೆ ಮರಳುವುದು ಬಹುಮಟ್ಟಿಗೆ ಇದರ ಪ್ರಸಾದ. ನಮ್ಮ ಜೀಪಿನಲ್ಲಿಯಾದರೋ ಮುಂದಿನ ಸ್ಪ್ರಿಂಗಿನ ಹಿಂದುತುದಿಯು ಚಾಸಿಗೆ ಕೀಲಿಸಲ್ಪಟ್ಟು, ಮುಂದುತುದಿಯು ಶ್ಯಾಕಲ್ಲಿನಲ್ಲಿ ತೂಗುತ್ತಿದೆ. ಶ್ಯಾಕಲ್ 2 ಅಂಗುಲ ಬೆಳೆದರೆ ಮುಂದುತುದಿಯು 2 ಅಂಗುಲ ಕೆಳಗಿಳಿಯುತ್ತದೆ. ನಡುವೆ ಕುಳಿತ ಆಕ್ಸಲ್ಲಿನ ಮೇಲೆ ಚಾಸಿಗೆ ದಕ್ಕುವುದು ಅದರ ಅರ್ಧ, ಎಂದರೆ 1 ಅಂಗುಲದ ಎತ್ತರ. 36 ಅಂಗುಲದ ಸ್ಪ್ರಿಂಗು 2 ಅಂಗುಲ ಮುಂದಕ್ಕೆ ಬಾಗಿದರೆ ಆಗುವ ಕೋನ ಎಷ್ಟೆಂದು ಸೀಮೆಸುಣ್ಣದಿಂದ ಗೋಡೆಯ ಮೇಲೆ ಲೆಕ್ಕ ಹಾಕಲಾಗಿ, 3 ಡಿಗ್ರಿಗೆ ತುಸು ಮೇಲೆಯೇ ಬಂದಿತು; ಆಕ್ಸಲ್ಲಿನೊಡನೆ ಕಿಂಗ್‌ಪಿನ್ನಿನ ತಲೆಯೂ ಅಷ್ಟೇ ಮುಂದಕ್ಕೆ ವಾಲಿತ್ತು. ಒಂದಂಗುಲದ ಔನ್ನತ್ಯಕ್ಕಾಗಿ ಅಳಿಯನು ಇದ್ದ ಕ್ಯಾಸ್ಟರನ್ನೆಲ್ಲ ಮಾರಿಕೊಂಡಿದ್ದನು.

ಇಲ್ಲಿ ಅಳಿಯನ ಪೂರ್ವಪಕ್ಷ: "ಅಲೈನ್‌ಮೆಂಟ್ ಮಾಡಿಸಿದ್ರೆ ಎಲ್ಲ ಸರಿಹೋಗ್ತದೆ ಮಾವ." ಹಾಗಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಅಲೆದಾಟದಿಂದ ಕೋನದೋಷವನ್ನು ಊಹಿಸಹೊರಟರೆ ಆ ಹೇತುವು ಅನೈಕಾಂತಿಕವಾಗುತ್ತದೆ. ಬೇರಿಂಗು ಸಡಿಲವಾದರೂ, ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿನ ತುದಿ ಸವೆದರೂ, ಶ್ಯಾಕಲ್ ಬುಷ್ ಹರಿದರೂ, ಟೈರಿನ ಗಾಳಿ ಹೆಚ್ಚುಕಡಿಮೆಯಾದರೂ ಜೀಪು ಅಲೆಯಬಲ್ಲುದು. ಆದುದರಿಂದ ಸಡಿಲವನ್ನು ಪರೀಕ್ಷಿಸದೆ ಕೋನವನ್ನು ಅಳೆಯುವುದು, ಗೆದ್ದಲು ಹಿಡಿದ ಕಂಬಕ್ಕೆ ತೂಕದ ಗುಂಡು ಇಳಿಬಿಟ್ಟಂತೆ. ಮೇಸ್ತ್ರಿಯು ಜ್ಯಾಕಿನಿಂದ ಚಕ್ರವನ್ನು ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಿ ಬೇರಿಂಗನ್ನೂ ಕಿಂಗ್‌ಪಿನ್ನನ್ನೂ ನೋಡಿದನು. ಎಡಬಲಗಳಲ್ಲಿ ಹಿಡಿದು ಅಲುಗಿಸಿ ಟೈ ರಾಡನ್ನು ನೋಡಿದನು. ಹೀಗೆ ಸಿಕ್ಕುವ ಸಡಿಲಕ್ಕೆ ಅವರ ಪರಿಭಾಷೆಯಲ್ಲಿ 'ಆಟ'ವೆಂದು ಹೆಸರು. ವೇದಾಂತಿಗಳು ಅದನ್ನೇ ಲೀಲೆಯೆಂದು ಕೊಂಡಾಡುತ್ತಾರೆ, ಮೇಸ್ತ್ರಿಯು ಹೊಸ ಬುಷ್ ತರಿಸುತ್ತಾನೆ. ಶ್ರವಣ ಮನನ ನಿದಿಧ್ಯಾಸನಗಳಲ್ಲಿ ಮೂರನೆಯದನ್ನು ಆತನು ಬೆನ್ನಡಿಯಲ್ಲಿ ಗೋಣಿಚೀಲ ಹಾಸಿಕೊಂಡು ಸಾಧಿಸುತ್ತಿದ್ದನು.

ಪರಿಹಾರವೆಂದರೆ ಬೆಣೆ: ಒಂದು ಅಂಚು ದಪ್ಪ, ಇನ್ನೊಂದು ತೆಳುವಾದ 3 ಡಿಗ್ರಿಯ ಲೋಹದ ತಗಡನ್ನು ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ಸೇರಿಸಿ ಯು-ಬೋಲ್ಟ್ ಬಿಗಿಯುವುದು. ನಮ್ಮ ಜೀಪಿನಂತೆ ಸ್ಪ್ರಿಂಗು ಆಕ್ಸಲ್ಲಿನ ಕೆಳಗಿದ್ದರೆ ದಪ್ಪ ಅಂಚು ಮುಂದಕ್ಕೆ, ಮೇಲಿದ್ದರೆ ಹಿಂದಕ್ಕೆ. ಈ ಸ್ಥಳದಲ್ಲಿ ನಾನು ಒಂದು ಪುರಾತನ ದೃಷ್ಟಾಂತವನ್ನು ವಿವರಿಸುತ್ತ ಮೇಸ್ತ್ರಿಯ ಗಮನವನ್ನು ಸೆಳೆದುದರ ಫಲವಾಗಿ ಬೆಣೆಯು ತಿರುಗುಮುರುಗಾಗಿ ಕುಳಿತು, ದೋಷವು ನೀಗುವ ಬದಲು ಇಮ್ಮಡಿಸಿತು. ಜೀಪು ಬಸ್ ನಿಲ್ದಾಣದವರೆಗೆ ಹೋಗಿ ಬರುವಷ್ಟರಲ್ಲಿ ಅಳಿಯನ ಅಂಗಿ ಬೆವರಿನಿಂದ ತೊಯ್ದಿತ್ತು. ಎರಡನೆಯ ಸಲ ಬಿಚ್ಚುವಾಗ ನನ್ನನ್ನು ಚಹಾ ತರಲು ಕಳುಹಿಸಿದರು.

ಕಡೆಗೆ ಟೋ, ಎಂದರೆ ಮುಂದಿನ ಎರಡು ಚಕ್ರಗಳ ಮೂತಿಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ. ಎತ್ತಿದ ಚಕ್ರವನ್ನು ತಿರುಗಿಸುತ್ತ ಟೈರಿನ ನಡುವೆ ಸೀಮೆಸುಣ್ಣ ಬಳಿದು, ಮೊಳೆಯಿಂದ ಗೆರೆ ಕೊರೆದು, ಜೀಪನ್ನು ಇಳಿಸಿ, ಸ್ಪ್ರಿಂಗುಗಳು ತಮ್ಮ ಜಾಗಕ್ಕೆ ಕೂರುವಂತೆ ನಾಲ್ಕಾರು ಅಡಿ ಮುಂದಕ್ಕೆ ತಳ್ಳಿ, ಆಕ್ಸಲ್ಲಿನ ಎತ್ತರದಲ್ಲಿ ಎರಡು ಗೆರೆಗಳ ಅಂತರವನ್ನು ಹಿಂದೆಯೂ ಮುಂದೆಯೂ ಟೇಪಿನಿಂದ ಅಳೆಯಲಾಗಿ, ಮುಂದಿನದು ಸುಮಾರು 2 ಮಿಲಿಮೀಟರ್ ಕಡಿಮೆಯಾಗುವವರೆಗೆ ಟೈ ರಾಡನ್ನು ತಿರುಗಿಸಿದರು. ಕ್ಯಾಂಬರ್ ಎಂಬ, ಚಕ್ರದ ತಲೆ ಪಕ್ಕಕ್ಕೆ ವಾಲುವ ಕೋನವೊಂದುಂಟು; ಗಟ್ಟಿ ಆಕ್ಸಲ್ಲಿನಲ್ಲಿ ಅದನ್ನು ಹೊಂದಿಸಲು ತಿರುಪುಗಳಿಲ್ಲ, ಅದು ತಪ್ಪಿದ್ದರೆ ಆಕ್ಸಲ್ಲೇ ಬಾಗಿದೆಯೆಂದು ಸಂಶಯಿಸಬೇಕು. ಸ್ಟೇರಿಂಗಿನಿಂದ ಆಕ್ಸಲ್ಲಿಗೆ ಬರುವ ಡ್ರ್ಯಾಗ್ ಲಿಂಕಿನ ಓರೆ ಒಂದಂಗುಲದ ಎತ್ತರಕ್ಕೆ ಗಣನೀಯವಲ್ಲ. 4 ಅಂಗುಲ ಎತ್ತರಿಸುವ ಮಹನೀಯರಿಗೆ ಪ್ರತಿ ಗುಂಡಿಯಲ್ಲಿಯೂ ಸ್ಟೇರಿಂಗು ತಾನೇ ತಿರುಗುವ ಪವಾಡವನ್ನು ಅದು ತೋರಿಸುವುದು.

ಜೀಪು ಈಗ ನೇರವಾಗಿ ಓಡುತ್ತಿದೆ. ಬೆಣೆ ಹಾಕಿಸಿದವರು ಸುಮಾರು ನೂರು ಕಿಲೋಮೀಟರ್ ಓಡಿಸಿದ ಮೇಲೆ ಯು-ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಬೇಕಾಗಿಯೂ, ಆ ಸಮಯದಲ್ಲಿ ಮೇಸ್ತ್ರಿಯ ಬಳಿ ಪಂಡಿತರನ್ನು ಕೂರಿಸಬಾರದಾಗಿಯೂ ವಿಜ್ಞಾಪನೆ.