ಸ್ಪಿರಿಟ್‌ಗೆ ಬಗ್ಗದ ಸ್ಪೋರ್

ಆರ್‌ಪಿಸಿ ಲೇಔಟ್‌ನ ಸಣ್ಣ ಕ್ಲಿನಿಕ್ಕುಗಳ ಡಾಕ್ಟರುಗಳಿಗೂ ಸಿಸ್ಟರ್‌ಗಳಿಗೂ,

ಫೋರ್ಸೆಪ್ಸ್, ಕತ್ತರಿಗಳನ್ನು ಸ್ಪಿರಿಟ್ ಟ್ರೇಯಲ್ಲಿ ಅದ್ದಿ, ಮುಂದಿನ ರೋಗಿ ಬಂದು ಕೂರುವಷ್ಟರಲ್ಲಿ ತೆಗೆಯುವ ರೂಢಿ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ಈ ಪತ್ರ ಅವರಿಗೆ.

70% ಸ್ಪಿರಿಟ್ ಸಾಮಾನ್ಯ ಬ್ಯಾಕ್ಟೀರಿಯಾವನ್ನು ಬೇಗ ಕೊಲ್ಲುತ್ತದೆ, ನಿಜ. ಆದರೆ ಧನುರ್ವಾತದ ಬ್ಯಾಕ್ಟೀರಿಯಾ, ಕುರಿಗಳಿಗೆ ನೆರಡಿ (ಆಂಥ್ರಾಕ್ಸ್) ತರುವ ಬ್ಯಾಕ್ಟೀರಿಯಾ ಕಷ್ಟಕಾಲದಲ್ಲಿ ಸ್ಪೋರ್ ಆಗಿಬಿಡುತ್ತವೆ. ಒಳಗೆ ನೀರಿನ ಅಂಶ ತೀರಾ ಕಡಿಮೆ, ಹೊರಗೆ ಪದರದ ಮೇಲೆ ಪದರ. ನೆರಡಿಯ ಸ್ಪೋರ್ ಆಲ್ಕೋಹಾಲ್‌ಗೆ ಜಗ್ಗುವುದಿಲ್ಲವೆಂದು ರಾಬರ್ಟ್ ಕಾಖ್ 1881ರಲ್ಲೇ ತೋರಿಸಿದ್ದರು. ಲ್ಯಾಬ್‌ಗಳಲ್ಲಿ ಸ್ಯಾಂಪಲ್‌ನಿಂದ ಸ್ಪೋರ್ ಮಾತ್ರ ಬೇಕಾದಾಗ ಇವತ್ತಿಗೂ ಆಲ್ಕೋಹಾಲ್ ಬೆರೆಸುವುದುಂಟು. ಮಿಕ್ಕವು ಸಾಯುತ್ತವೆ, ಸ್ಪೋರ್ ಉಳಿಯುತ್ತದೆ. ಸ್ಪಿರಿಟ್ ಟ್ರೇಯಲ್ಲಿ ನಡೆಯುವುದೂ ಅದೇ.

ಸ್ಪೋರ್ ಕೊಲ್ಲುತ್ತವೆನ್ನುವ ದ್ರಾವಣಗಳನ್ನು ಒರೆಗೆ ಹಚ್ಚುವ ಪರೀಕ್ಷೆ ಬಲು ಕಟ್ಟುನಿಟ್ಟು. ಪುಟ್ಟ ಪಿಂಗಾಣಿ ಕೊಳವೆಗಳ ಮೇಲೆ, ಹೊಲಿಗೆ ದಾರದ ಕುಣಿಕೆಗಳ ಮೇಲೆ ಸ್ಪೋರ್ ಒಣಗಿಸಿ, ದ್ರಾವಣದಲ್ಲಿ ಅದ್ದಿ ತೆಗೆದು, ಪೋಷಕ ದ್ರವದಲ್ಲಿಟ್ಟು 21 ದಿನ ಕಾಯುತ್ತಾರೆ. ದ್ರವ ಕದಡಿತೋ, ಸ್ಪೋರ್ ಬದುಕಿತ್ತು ಎಂದರ್ಥ.

ನೀವು ಸೈಡೆಕ್ಸ್ ಎನ್ನುವ 2% ಗ್ಲುಟರಾಲ್ಡಿಹೈಡ್‌ಗೆ, ಆಕ್ಟಿವೇಟರ್ ಹಾಕಿ ಹಸಿರಾದ ಮೇಲೂ, ಸ್ಪೋರ್ ಕೊಲ್ಲಲು 10 ಗಂಟೆ ಬೇಕು. 20 ನಿಮಿಷ ಅದ್ದಿದರೆ ವೈರಸ್, ಸಾಮಾನ್ಯ ಬ್ಯಾಕ್ಟೀರಿಯಾ ಸತ್ತಾವು, ಅಷ್ಟೆ. 7.5% ಹೈಡ್ರೋಜನ್ ಪೆರಾಕ್ಸೈಡ್‌ಗೆ 6 ಗಂಟೆ. ಪೆರಾಸೆಟಿಕ್ ಆಮ್ಲ ಇವೆಲ್ಲಕ್ಕಿಂತ ಚುರುಕು: 50 ಡಿಗ್ರಿ ಬಿಸಿಯಲ್ಲಿ, 0.2% ಇದ್ದರೂ, ಸುಮಾರು 12 ನಿಮಿಷ. ಆದರೆ ಅದಕ್ಕೆಂದೇ ಮಾಡಿದ ಯಂತ್ರ ಬೇಕು. ಬ್ಲೀಚ್ ಕೊಲ್ಲಬಲ್ಲದು, ಆದರೆ ಆಗಷ್ಟೇ ಕಲಸಿದ್ದಾಗಿರಬೇಕು. ರಕ್ತ ಅಂಟಿದ್ದರೆ ಅದರ ಶಕ್ತಿ ಕುಂದುತ್ತದೆ, ಸ್ಟೀಲನ್ನೂ ತಿನ್ನುತ್ತದೆ. ಫಿನಾಯಿಲ್ ನೆಲಕ್ಕಿರಲಿ.

ಸಂಜೆ ರೋಗಿಗಳು ಸಾಲುಗಟ್ಟಿರುವಾಗ 10 ಗಂಟೆ ಎಲ್ಲಿಂದ ತರುತ್ತೀರಿ? ದಯವಿಟ್ಟು ಆಟೋಕ್ಲೇವ್ ಬಳಸಿ: 121 ಡಿಗ್ರಿ, 15 ಪೌಂಡ್ ಒತ್ತಡ, 15ರಿಂದ 20 ನಿಮಿಷ. ದೇಹದೊಳಕ್ಕೆ ಹೊಕ್ಕುವ ಉಪಕರಣ ಸ್ಟೆರೈಲ್ ಆಗಿರಲೇಬೇಕೆಂದು ಸೂಕ್ಷ್ಮಜೀವಿ ತಜ್ಞ ಅರ್ಲ್ ಸ್ಪಾಲ್ಡಿಂಗ್ 1968ರಲ್ಲೇ ಗೆರೆ ಎಳೆದರು. ಬಿಸಿ ತಾಳದ ಉಪಕರಣಕ್ಕೆ ದ್ರಾವಣವೇ ಗತಿಯಾದರೆ ಮೊದಲು ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಆಕ್ಟಿವೇಟ್ ಮಾಡಿದ ತಾರೀಖನ್ನು ಡಬ್ಬದ ಮೇಲೆ ಬರೆಯಿರಿ. 14 ದಿನ ಬಾಳುವ ದ್ರಾವಣವನ್ನು 15ನೇ ದಿನಕ್ಕೆ ಉಳಿಸಬೇಡಿ. ಅದ್ದಿದ ಹೊತ್ತು, ತೆಗೆದ ಹೊತ್ತು ಎರಡನ್ನೂ ರಿಜಿಸ್ಟರ್‌ನಲ್ಲಿ ದಾಖಲಿಸಿ, ರೋಗಿ ಕೇಳಿದರೆ ಆ ಪುಟ ತೋರಿಸಿ.

ಇಂತಿ,
ನಿಮ್ಮ ನೆರೆಯ ನಿವೃತ್ತ ಲ್ಯಾಬ್ ಟೆಕ್ನಿಷಿಯನ್