ಪೆನ್‌ಡ್ರೈವಿನ ಪಹಣಿ

ಅಕ್ಕನ ಮಗ ಬೆಳಬೆಳಗ್ಗೆ ಬಂದು, ಅಂಗಿ ಜೇಬಿನಿಂದ ಅಡಿಕೆ ಚೂರಿನ ಜೊತೆ ಒಂದು ಪೆನ್‌ಡ್ರೈವ್ ತೆಗೆದು ಮುಂದಿಟ್ಟ. “ಟ್ಯಾಕ್ಟ್ರಿ ಟೇಪಿಗೆ ಹಾಕಿದ್ರೆ ಉಸಿರೇ ಬಿಡ್ತಿಲ್ಲ ಮಾವ. ಒಂದ್ ಫಾರ್ಮೆಟ್ ಹೊಡ್ದು ಕೊಡ್ರಿ.”

ಹೊನ್ನಾಳಿ ಸೀಮೆಯ ಗದ್ದೆ-ತೋಟಗಳ ಲೆಕ್ಕ ಬರೆದು ಬರೆದು ನಿವೃತ್ತನಾದ ಗ್ರಾಮಲೆಕ್ಕಿಗ ನಾನು. ಬೆಂಗಳೂರಿನ ಮಗ ತನ್ನ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ನನಗೆ ದಾಟಿಸಿದ್ದಾನೆ. ಅದರ ಕರಿ ಪರದೆ ಕಂಡರೆ ಮೊದಮೊದಲು ಎದೆ ಡವಗುಟ್ಟುತ್ತಿತ್ತು. ಈಗ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು ಹೊಕ್ಕಷ್ಟೇ ಸಲೀಸು.

‘ಎಲ್‌ಎಸ್‌ಬಿಎಲ್‌ಕೆ’ ಎಂದು ಒತ್ತಿದರೆ ಡಿಸ್ಕುಗಳ ಪಹಣಿ ಬಿಚ್ಚಿಕೊಳ್ಳುತ್ತದೆ. ಎಸ್‌ಡಿಎ ನನ್ನ ಸ್ವಂತ ಜಮೀನು. ಎಸ್‌ಡಿಬಿ ಪೆನ್‌ಡ್ರೈವು, ಎಸ್‌ಡಿಬಿ1 ಅದರ ಹಿಸ್ಸಾ. ಹಾಗೆಂದು ಹೆಸರನ್ನೇ ನಂಬಿ ಕೂರುವಂತಿಲ್ಲ. ಇವತ್ತಿನ ಎಸ್‌ಡಿಬಿ ನಾಳೆ ಎಸ್‌ಡಿಸಿ ಆಗಬಹುದು. ನಮ್ಮೂರಿನದೂ ಅದೇ ಕತೆಯಲ್ಲವೇ? 1997ರ ಆಗಸ್ಟ್ 15ಕ್ಕೆ, ಶಿವಮೊಗ್ಗ ಜಿಲ್ಲೆಯಲ್ಲಿ ಮಲಗಿದ್ದ ಹೊನ್ನಾಳಿ ದಾವಣಗೆರೆ ಜಿಲ್ಲೆಯಲ್ಲಿ ಎದ್ದಿತು. ತುಂಗಭದ್ರೆ ಮಾತ್ರ ಇದ್ದಲ್ಲೇ ಹರಿಯುತ್ತಿದ್ದಳು. ಹಾಗಾಗಿ ಅಳತೆ ತಾಳೆ ನೋಡಬೇಕು. ಬೆನ್ನ ಮೇಲೆ 16 ಜಿಬಿ ಎಂದಿದ್ದ ಡ್ರೈವು ಪರದೆಯಲ್ಲಿ 14.9 ತೋರಿಸಿತು. ಉಳಿದದ್ದೇನು ಖರಾಬೇ? ಅಲ್ಲ, ಮಾರುವವನು ಸಾವಿರದ ಲೆಕ್ಕ ಹಿಡಿಯುತ್ತಾನೆ, ಯಂತ್ರ 1024ರದು.

ಆಮೇಲೆ ‘ಯುಮೌಂಟ್’. ಹೊಲದಲ್ಲಿ ಎತ್ತು-ನೇಗಿಲು ಇರುವಾಗ ಸರ್ವೆ ಚೈನು ಎಳೆಯಬಾರದು. (ಅನ್‌ಮೌಂಟಿನ ಆ ‘ನ್’ ಯಾರ ಒತ್ತುವರಿಗೆ ಹೋಯಿತೋ.) ಡ್ರೈವಿನಲ್ಲಿದ್ದದ್ದು ಎನ್‌ಟಿಎಫ್‌ಎಸ್, ಅವನ ಟೇಪಿಗೆ ಓದಲು ಬರುವುದು ಹಳೇ ಫ್ಯಾಟ್32 ಮಾತ್ರ. ಅದಕ್ಕೆ ‘ಎಂಕೆಎಫ್‌ಎಸ್ ಡಾಟ್ ವಿಫ್ಯಾಟ್’. ಮುಂದೆ ‘ಸುಡೋ’ ಹಾಕಿದರೆ ತಹಶೀಲ್ದಾರರ ಸೀಲು ಬಿದ್ದ ಹಾಗೆ. ಹಾಗೆ ನೋಡಿದರೆ ಈ ಆಜ್ಞೆ ಸಾಧು. ಬಳಕೆಯಲ್ಲಿರುವ ಹಿಸ್ಸಾಕ್ಕೆ ಕೈಹಾಕಲು ಹಿಂಜರಿಯುತ್ತದೆ. ಇದರ ದಾಯಾದಿ ‘ಡಿಡಿ’ ಇದೆಯಲ್ಲ, ಅದಕ್ಕೆ ಅಳುಕಿಲ್ಲ. ಒಂದಕ್ಷರ ತಪ್ಪಿದರೆ ಸ್ವಂತ ತೋಟಕ್ಕೇ ರೋಟವೇಟರ್ ಹತ್ತಿಸುತ್ತದೆ.

ಕನ್ನಡಕ ಒರೆಸಿಕೊಂಡು ಮೂರು ಸಲ ಓದಿ ಎಂಟರ್ ಒತ್ತಿದೆ. ಮುಗಿದೇ ಹೋಯಿತು. ಬೀಗುತ್ತಾ ಕಿತ್ತು ಕೊಟ್ಟೆ.

“ಅಕ್ಕನ ಮದ್ವಿ ಫೋಟೊ ತೆಗೆದಿಟ್ಕಂಡ್ರಲ್ಲ ಮಾವ?”

ಸರ್ವೆ ನಂಬರು ನೋಡಿದ್ದೆ, ವಿಸ್ತೀರ್ಣ ನೋಡಿದ್ದೆ. ಹೊಲದಲ್ಲಿ ಬೆಳೆ ಇದೆಯೇ ಎಂದು ನೋಡಿರಲಿಲ್ಲ.

ಪುಣ್ಯಕ್ಕೆ, ಹೀಗೆ ಫಾರ್ಮೆಟ್ ಮಾಡಿದಾಗ ಹರಿಯುವುದು ಪಹಣಿ; ಮೇಲೆ ಹೊಸದು ಬಿತ್ತದಿದ್ದರೆ ಬೆಳೆ ಬಹುಪಾಲು ಅಲ್ಲೇ ಇರುತ್ತದೆ. ಡ್ರೈವು ಕಸಿದುಕೊಂಡು ‘ಫೋಟೊರೆಕ್’ ಹೂಡಿದ್ದೇನೆ. ಹೆಸರು ಕಳೆದುಕೊಂಡ ಫೋಟೊಗಳು ಬರೀ ನಂಬರು ಹೊತ್ತು ಒಂದೊಂದಾಗಿ ಏಳುತ್ತಿವೆ. ಊಟದ ಪಂಕ್ತಿ ಪೂರ್ತಿ ಬಂದಿದೆ. ಮದುಮಗ ಇನ್ನೂ ಬಂದಿಲ್ಲ. ಅಕ್ಕನ ಫೋನು ಮಾತ್ರ ಎರಡು ಸಲ ಬಂತು.